ಪರೇಲ್ ದಾಟಿದ ಮೇಲೆ ಒಂದು ಮಾತ್ರೆ

ಹೇಳಿಕೊಳ್ಳುವಂಥ ಪ್ರತಿಭೆ ನನ್ನಲ್ಲಿ ಯಾವುದೂ ಇಲ್ಲ, ಸೀನುವುದೊಂದನ್ನು ಬಿಟ್ಟರೆ. ದಿನಾ ಭಾಂಡುಪ್‌ನಿಂದ ಪರೇಲ್‌ನ ಆಫೀಸಿಗೆ ಲೋಕಲ್ ರೈಲಿನಲ್ಲಿ ಹೋಗುತ್ತೇನೆ. ಪರೇಲ್‌ಗೆ ಮುಂಚಿನ ಸ್ಟೇಷನ್ ದಾದರ್. ಅಲ್ಲಿ ಚೆಂಡುಹೂವಿನ ಮೂಟೆಗಳು ಹತ್ತಿದವೆಂದರೆ ನನಗೆ ಸಾಲಾಗಿ ಏಳು ಸೀನು. ನನ್ನ ಎರಡೂ ಹೆಗಲುಗಳ ಮೇಲೆ ಇಬ್ಬರು ಸಹಪ್ರಯಾಣಿಕರು ಮಲಗಿರುತ್ತಾರೆ: ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿರುವ ಉಡುಪಿ ಕಡೆಯ ಸಂಜೀವಣ್ಣ, ಆಸ್ಪತ್ರೆಯಲ್ಲಿ ಲಿಫ್ಟ್‌ಮ್ಯಾನ್ ಆಗಿರುವ ವಿಜಯಪುರದ ಬಸಪ್ಪ. ಮೂರನೆಯ ಸೀನಿಗೆ ಕಣ್ಣು ಬಿಟ್ಟು, ಐದನೆಯದಕ್ಕೆ ಚೀಲ ಹುಡುಕಿ, ಏಳನೆಯದಕ್ಕೆ ಪರೇಲ್‌ನಲ್ಲಿ ಇಳಿಯಲು ಬಾಗಿಲಲ್ಲಿರುತ್ತಾರೆ. ವರ್ಷಗಳಿಂದ ಹೀಗೇ ನಡೆದಿದೆ.

ಮೊನ್ನೆ ನನ್ನ ಬಡ್ತಿಯ ಸಂದರ್ಶನವಿತ್ತು. ಸಾಹೇಬರ ಮುಖಕ್ಕೆ ಸೀನಿದರೆ ಬಡ್ತಿಯಲ್ಲ, ಎತ್ತಂಗಡಿ. ಅದಕ್ಕೇ ಡಾಕ್ಟರು ಬರೆದುಕೊಟ್ಟಿದ್ದ, ನಿದ್ದೆ ಬರಿಸದ ಅಲರ್ಜಿ ಮಾತ್ರೆ ನುಂಗಿದೆ. ಇದರಿಂದ ಹೇಗೂ ನಿದ್ದೆ ಬರುವುದಿಲ್ಲವಲ್ಲ, ಭದ್ರತೆಗೆ ಇನ್ನೊಂದಿರಲಿ ಎಂದು ಮನೆಯ ಡಬ್ಬಿಯಲ್ಲಿದ್ದ ಹಳೆಯ ನೆಗಡಿ ಮಾತ್ರೆಯನ್ನೂ ಇಳಿಸಿದೆ. ನನಗೆ ಬುದ್ಧಿ ಓಡುವುದೇ ಹೀಗೆ.

ಘಾಟ್‌ಕೋಪರ್ ನೋಡಿದ ನೆನಪಿದೆ. ಮತ್ತೆ ಕಣ್ಣು ಬಿಟ್ಟಾಗ ಕೊನೆಯ ಸ್ಟೇಷನ್ನು.

"ಯಾಕ್ರೀ ಸರ, ಇವತ್ತ ಸೀನಲಿಲ್ಲ? ಮೈಯಾಗ ಆರಾಮಿಲ್ಲೇನ್ರಿ?" ಎಂದು ಬಸಪ್ಪ ಗಾಬರಿಯಾದ.

"ಎಂತ ಮಾರಾಯ್ರೆ, ಸೀನುವುದಿಲ್ಲ ಅಂತಾದ್ರೆ ಒಂದು ದಿನ ಮೊದಲೇ ಹೇಳ್ಬೇಕಲ್ವಾ!" ಎಂದು ಸಂಜೀವಣ್ಣ ರೇಗಿದರು.

ಸಂದರ್ಶನಕ್ಕೆ ತಡವಾಗಿ ಹೋದೆ. "ನೀವಿಲ್ಲದಿದ್ದರೆ ನಿಂತುಹೋಗುವಂಥ ಕೆಲಸ ಯಾವುದಿದೆ?" ಎಂದು ಸಾಹೇಬರು ಕೇಳಿದರು. ನಾನು ಆಕಳಿಸಿದೆ. ನಾಚಿಕೆಯಿಂದ ಸತ್ತೇಹೋದೆ.

ಸಂಜೆ ಇಬ್ಬರೂ ನನ್ನನ್ನು ಡಾಕ್ಟರ ಹತ್ತಿರ ಎಳೆದೊಯ್ದರು. ಡಾಕ್ಟರು ಚೆನ್ನಾಗಿ ಬೈದರು. "ನೆಗಡಿ ಮಾತ್ರೆಯಲ್ಲೂ ಅಲರ್ಜಿ ಔಷಧವೇ ಇರುತ್ತೆ, ಅದು ನಿದ್ದೆ ಬರಿಸೋದು. ನಾನು ಕೊಟ್ಟಿದ್ದು ದಿನಕ್ಕೆ ಒಂದೇ. ಕೇಳದೆ ಇನ್ನೇನೂ ಸೇರಿಸಬೇಡಿ. ಕೆಲವರಿಗೆ ಇದೊಂದರಿಂದಲೂ ತೂಕಡಿಕೆ ಬರಬಹುದು, ನೋಡಿಕೊಳ್ಳಿ."

"ಪರೇಲ್ ದಾಟಿದ ಮ್ಯಾಲೆ ತಗೊಂಡ್ರ ನಡೀತೈತೇನ್ರಿ?" ಬಸಪ್ಪ ಕೈಮುಗಿದ.

ಡಾಕ್ಟರು ನಮ್ಮ ಮೂವರನ್ನೂ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಚೀಟಿಯಲ್ಲಿ ಬರೆದರು: ದಿನಕ್ಕೊಂದು, ಪರೇಲ್ ನಂತರ.

ಮರುದಿನ ದಾದರ್‌ನಲ್ಲಿ ಮನಸಾರೆ ಸೀನಿದೆ. ನನ್ನವರಿಬ್ಬರೇ ಅಲ್ಲ, ಬೋಗಿಯ ಉದ್ದಕ್ಕೂ ಗುರುತಿಲ್ಲದ ಹತ್ತಾರು ಜನ ಎದ್ದು ಚೀಲ ತೆಗೆದುಕೊಂಡರು. ಸಾಹೇಬರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು! ಎದೆಯುಬ್ಬಿಸಿ, ಅವರೆಲ್ಲ ಪರೇಲ್‌ನಲ್ಲಿ ಇಳಿಯುವುದನ್ನೇ ನೋಡುತ್ತ ಕೂತೆ. ಗಾಡಿ ಹೊರಟ ಮೇಲೆ ನೆನಪಾಯಿತು, ನಾನೂ ಅಲ್ಲೇ ಇಳಿಯಬೇಕಾದವನು.