ಪಂಚಮಿಯ ತನಕ ಕರೆಂಟಿಲ್ಲ

ಕರೆಂಟ್ ಬೇಡವೆಂದು ಹಟ ಹಿಡಿದವನ ಮನೆಯಲ್ಲಿ ನಗೆಪಾಟಲಿಗೆ ಬರವಿರುವುದಿಲ್ಲ. ಬಿಪಿ ಏರಿದೆ, ಶಾಂತವಾಗಿರಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಗೋಕಾಕದ ಮನೆಗೆ ಕೀಲಿ ಹಾಕಿ, ಹೆಂಡತಿಯೊಂದಿಗೆ ಮೆಳವಂಕಿ ಹತ್ತಿರದ ನಮ್ಮ ತೋಟದ ಮನೆ ಸೇರಿದೆ. ಅಲ್ಲಿ ಕರೆಂಟಿಲ್ಲ, ನನಗೆ ಬೇಕೂ ಇಲ್ಲ ಎಂದು ಊರೆಲ್ಲ ಸಾರಿದೆ. ಸಂಕೇಶ್ವರದ ತಂಗಿ ನಕ್ಕಳು.

“ಅಣ್ಣಾ, ಟಿವಿ ಇಲ್ಲದ ನಿನಗ ತುತ್ತು ಇಳ್ಯಾಂಗಿಲ್ಲ. ನಾಗರ ಪಂಚಮಿಗೆ ಬಂದು ನೋಡತೇನಿ. ಸೋತಿದ್ರ ಹೊಳ್ಳಿ ಗೋಕಾಕಕ್ಕ ನಡೀಬೇಕು.”

ಮರ್ಯಾದೆಯ ಪ್ರಶ್ನೆ. ಆಗಲಿ ಎಂದೆ.

೧. ಚಾರ್ಜಿಗೆ ಹೋದ ಫೋನು

ನಮ್ಮ ಎಮ್ಮೆಯ ಹಾಲು ಒಯ್ಯಲು ಮೆಳವಂಕಿಯಿಂದ ಬರುವವನ ಕೈಯಲ್ಲೇ ಮೊಬೈಲು ಕಳಿಸುತ್ತಿದ್ದೆ. ಅವನು ತನ್ನ ಮನೆಯಲ್ಲಿ ಚಾರ್ಜಿಗೆ ಹಾಕಿ ಸಂಜೆ ತಂದುಕೊಡುತ್ತಿದ್ದ. ಒಂದು ಸಂಜೆ ಫೋನಿನ ಜೊತೆ ವರದಿಯೂ ಬಂತು.

“ಕಾಕಾ, ಹುಕ್ಕೇರಿ ಬೀಗರು ಫೋನ್ ಮಾಡಿದ್ರು. ಅವರ ಮೊಣಕಾಲ ನೋವಿಗೆ ಎಣ್ಣಿ ಹೇಳೇನಿ. ಮೂಡಲಗಿಯ ನಿಮ್ಮ ದೋಸ್ತ ನಾಳೆ ಬರ್ತಾರಂತ. ಬರ್ರಿ, ಎಣಗಾಯಿ ಮಾಡಸ್ತೇವಿ ಅಂದೇನಿ.”

“ಮತ್ತ ನಾ ಏನ್ ಮಾತಾಡ್ಲೋ?”

“ನೀವ್ಯಾಕ್ರಿ? ಎಲ್ಲಾ ಮುಗಿಸೇನಲ್ರಿ. ಬಿಪಿ ಐತಿ, ಆರಾಮ ಇರ್ರಿ.”

೨. ಬಾವಿಯ ಫ್ರಿಜ್

ಮರುದಿನ ಮೂಡಲಗಿಯ ಗೆಳೆಯ ಬಂದ. ಮೊಸರಿನ ಗಡಿಗೆಗೆ ಹಗ್ಗ ಕಟ್ಟಿ, ಬಾವಿಯಲ್ಲಿ ನೀರಿಗಿಂತ ತುಸು ಮೇಲೆ ಇಳಿಬಿಟ್ಟಿದ್ದೆ. ಅಲ್ಲಿ ಮೊಸರು ತಣ್ಣಗಿರುತ್ತದೆ, ಹುಳಿಯಾಗುವುದಿಲ್ಲ.

“ನೋಡೋ ನಮ್ಮ ಫ್ರಿಜ್! ಬಿಲ್ಲಿಲ್ಲ, ರಿಪೇರಿ ಇಲ್ಲ” ಎಂದು ಜಂಬದಿಂದ ಹಗ್ಗ ಜಗ್ಗಿದೆ. ಮೊಸರಿನ ನಡುವೆ ಕಪ್ಪೆಯೊಂದು ಆರಾಮಾಗಿ ಕೂತಿತ್ತು.

ಗೆಳೆಯ ಇಣುಕಿ ನೋಡಿ, “ಫ್ರಿಜ್ ಭಾರಿ ಐತಿ. ಬಾಗಿಲಾ ಹಾಕೂದು ಮರ್ತಿ” ಎಂದ. ಆಮೇಲೆ ಎಣಗಾಯಿಯನ್ನೂ ಕದಡಿ ಕದಡಿ ನೋಡಿಯೇ ತಿಂದ.

೩. ಕಲ್ಲಿನ ಹಿಟ್ಟು

ಪಂಚಮಿ ಬಂತು, ತಂಗಿಯೂ ಬಂದಳು. ಗೆದ್ದೆನೆಂದು ನನಗೆ ಹಿಗ್ಗೋ ಹಿಗ್ಗು. ಬಿಸಿ ರೊಟ್ಟಿ ಮುರಿದು, “ಇದು ಬೀಸುಕಲ್ಲಿನ ಹಿಟ್ಟಿಂದು. ಗಿರಣಿ ಹಿಟ್ಟಿಗೆ ಈ ರುಚಿ ಎಲ್ಲಿಂದ ಬರಬೇಕು?” ಎಂದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

“ಹಂಗಾದ್ರ ಪಂಚಮಿ ಉಂಡಿಗೆ ಕಡ್ಲಿ ನಾನ ಬೀಸತೇನಿ” ಎಂದು ತಂಗಿ ಕಲ್ಲಿನ ಮುಂದೆ ಕೂತಳು. ತಿರುಗಿಸಲು ಗೂಟವೇ ಇಲ್ಲ. ಕಾಳು ಹಾಕುವ ಬಾಯಿಯಲ್ಲಿ ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು.

“ವೈನಿ, ಹಿಟ್ಟು ಎಲ್ಲಿಂದ ಬರ್ತೈತಿ?” ಎಂದು ನನ್ನ ಹೆಂಡತಿಯನ್ನು ಕೇಳಿದಳು.

“ಮೆಳವಂಕಿ ಗಿರಣಿಯಿಂದ. ಪ್ರವಚನಕ್ಕ ಹೋಗತೇನಿ ಅಂತ ನಿಮ್ಮಣ್ಣಗ ಹೇಳಿ ಹೋಗತಿದ್ನಿ.”

ನನಗೆ ಸಿಟ್ಟು ನೆತ್ತಿಗೇರಿತು. “ನನಗ ಮೋಸಾ ಮಾಡಿದಿ?”

“ನೀವು ದಿನಾ ಮಧ್ಯಾಹ್ನ ಕಬ್ಬು ನೋಡಾಕ ಹೋಗತಿದ್ರಲ್ಲ? ಗಿರಣಿ ಬಾಜೂಕ ಹಾಲಿನವನ ಮನಿ. ಬಾಗಲದಾಗ ನಿಮ್ಮ ಚಪ್ಪಲಿ, ಒಳಗ ಟಿವಿ ಮುಂದ ನೀವು. ಮ್ಯಾಲ ಫ್ಯಾನು.”

ತಂಗಿಯ ನಗು ಮೊದಲು ಸಿಡಿಯಿತು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಖರೆ ಹೇಳಬೇಕೆಂದರೆ, ನನಗೆ ದೊಡ್ಡ ಭಾರ ಇಳಿದಂತಾಯಿತು. ಇನ್ನು ಮಳೆಗಾಲದ ಕೆಸರಲ್ಲಿ ಕದ್ದು ಹೋಗುವ ಕಾಟವಿಲ್ಲ, ಗೋಕಾಕದಲ್ಲಿ ನಮ್ಮದೇ ಟಿವಿ ಇದೆ.

ತಂಗಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: “ಅಲ್ಲಾ, ಹಂಗಾದ್ರ ಇಷ್ಟು ದಿನಾ ಇಲ್ಲಿ ಕರೆಂಟಿಲ್ಲದ ಖರೇನ ಇದ್ದವರು ಯಾರು?”

ಹೆಂಡತಿ ಕೊಟ್ಟಿಗೆಯ ಕಡೆ ಕೈ ತೋರಿಸಿದಳು.

“ಎಮ್ಮಿ ಒಂದ.”