ಕುಂಕುಮ ಇಟ್ಟ ಚೆಂಡು

ಹಾರ್ಪರ್ ದೊರೆಯ ಕಾಲ್ಚೆಂಡಿಗೆ ಕುಂಕುಮ ಇಡು ಎಂದು ನಾಗೇಶ್ವರನಿಗೆ ಯಾರೂ ಹೇಳಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ, ಅಮ್ಮತ್ತಿ ಕಡೆಯ ಆ ಕಾಫಿ ಎಸ್ಟೇಟಿನ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ, ಕತ್ತಿ, ಗುದ್ದಲಿ, ತಕ್ಕಡಿ, ಆಳುಗಳ ಹಾಜರಿ ಮಸ್ಟರಿಗೆ ಬಾರಿಸುವ ಗಂಟೆ ಎಲ್ಲವೂ ಸಾಲಾಗಿ ಕೂತಿದ್ದವು. ತೋಟಕ್ಕೆಲ್ಲ ಒಬ್ಬನೇ ಬ್ರಾಹ್ಮಣನಾದ್ದರಿಂದ ಲೆಕ್ಕ ಬರೆಯುವ ರೈಟರ್ ನಾಗೇಶ್ವರನೇ ಮಂತ್ರ ಹೇಳುತ್ತ ಒಂದೊಂದಕ್ಕೂ ಗಂಧ ಹಚ್ಚುತ್ತ ಬಂದ. ಮೂಲೆಯಲ್ಲಿ ಚೆಂಡು ಕಂಡಿತು. ಈ ಆಳುಗಳಿಗೆಲ್ಲ ಕತ್ತಿ ಗುದ್ದಲಿ ಅನ್ನ ಕೊಟ್ಟಿವೆ, ಹಾರ್ಪರ್ ದೊರೆಗೆ ಎಂಟು ವರ್ಷ ಅನ್ನ ಕೊಟ್ಟದ್ದು ಇದೇ ತಾನೇ ಎನ್ನಿಸಿತು. ಎತ್ತಿ ಗಂಟೆಯ ಪಕ್ಕದಲ್ಲಿಟ್ಟ. ಗಂಧ, ಕುಂಕುಮ, ಮೇಲೊಂದು ಸೇವಂತಿಗೆ. ಮಂಗಳಾರತಿ ಆಯಿತು. ಎಲ್ಲರೂ ಕಣ್ಣಿಗೊತ್ತಿಕೊಂಡರು.

ಹಾರ್ಪರ್ ಅಂದರೆ ಸಣ್ಣ ದೊರೆ, ತೋಟ ನೋಡಿಕೊಳ್ಳುವ ದೊಡ್ಡ ದೊರೆಯ ಕೈಕೆಳಗಿನವನು; ಮಳೆಗಾಲದ ನಡುವೆ ಬಂದು ಮೂರು ತಿಂಗಳಾಗಿತ್ತು. ಕಡಲಾಚೆಯ ತನ್ನ ಸೀಮೆಯಲ್ಲಿ ಯಾವುದೋ ಗಿರಣಿ ಊರಿನ ತಂಡದಲ್ಲಿ ಸಂಬಳಕ್ಕೆ ಚೆಂಡು ಒದೆಯುತ್ತಿದ್ದನಂತೆ. ಮಂಡಿ ಮುರಿದ ಮೇಲೆ ಕಾಫಿಗೆ ಬಂದ. ಒದೆಯುವುದಕ್ಕೆ ಸಂಬಳ ಎಂದು ಕೇಳಿ ಆಳುಗಳ ಸಾಲುಮನೆಗಳಾದ ಲೈನಿನ ಜನ ಬಾಯಿ ಬಿಟ್ಟಿದ್ದರು. ನಾಗೇಶ್ವರ ಮಾತ್ರ ಬಾಯಿ ಬಿಟ್ಟದ್ದು ಅದನ್ನು ಕೇಳಿದ ಮರುದಿನ ಬೆಳಿಗ್ಗೆ.

ಅವನು ಸ್ನಾನ ಸಂಧ್ಯೆ ಮುಗಿಸಿ ಆಫೀಸಿಗೆ ಬರುವಾಗ ದೊರೆ ಪಲ್ಪರ್ ಮನೆಯ ಗೋಡೆಗೆ ಚೆಂಡು ಒದೆಯುತ್ತಿದ್ದ. ಎಡಗಾಲಲ್ಲಿ ನೂರು, ಬಲಗಾಲಲ್ಲಿ ನೂರು. ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ಒಂದು ಸೊನ್ನೆ. ಚೆಂಡು ಬಹುತೇಕ ಪ್ರತಿ ಸಲವೂ ಆ ಸೊನ್ನೆಯೊಳಗೇ ಬಡಿದು, ಹೇಳಿ ಕಳಿಸಿದ ಹಾಗೆ ಕಾಲಿಗೇ ವಾಪಸು ಬರುತ್ತಿತ್ತು. ಬಾಲ್ಯದಲ್ಲಿ ತಂದೆ ಸಂಜೆ ಹೊತ್ತು ರಾಗವಾಗಿ ಪದ್ಯ ಓದುತ್ತಿದ್ದಾಗ ಪಕ್ಕದಲ್ಲಿ ಕೂತು ಹೂಂಗುಟ್ಟಿ ಬೆಳೆದವನು ನಾಗೇಶ್ವರ. ಈ ತಾಳಕ್ಕೂ ಅವನ ಗಂಟಲಲ್ಲಿ ತಾನಾಗಿ ಹೂಂ ಹುಟ್ಟಿತು.

"ಇಷ್ಟು ಚೆನ್ನಾಗಿ ಬರುವಾಗ ಮತ್ತೆ ಯಾಕೆ ದೊರೆ ದಿನಾ?" ಎಂದು ಕೆಲವು ದಿನ ಬಿಟ್ಟು ಕೇಳಿದ.

ಹಾರ್ಪರನ ಮಾತು ಅರ್ಧ ಇಂಗ್ಲಿಷು, ಕಾಲು ತಮಿಳು, ಉಳಿದದ್ದು ಕನ್ನಡ. "ಚೆಂಡಿಗೆ ನೆನಪಿಲ್ಲ ರೈಟರ್. ನಿನ್ನೆ ನಾನು ಯಾರು, ಅದಕ್ಕೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಹೊಸದಾಗಿ ಪರಿಚಯ ಹೇಳಬೇಕು."

ನಾಗೇಶ್ವರನಿಗೆ ಮೈ ಜುಮ್ಮೆಂದಿತು. ಇದು ಜಪವಲ್ಲದೆ ಮತ್ತೇನು? "ಹಾಗಾದ್ರೆ ನೂರೆಂಟು ಮಾಡಿ ದೊರೆ" ಎಂದ.

"ಎಂಟು ಯಾರಿಗೆ?"

"ದೇವರಿಗೆ."

ಹಾರ್ಪರ್ ಗೋಡೆಗೆ ಇನ್ನೆಂಟು ಒದ್ದ. ಅಂದಿನಿಂದ ನೂರೆಂಟೇ ಆಯಿತು. ಗೋಡೆ ತಪ್ಪಿ ಎಲ್ಲಾದರೂ ಹಾರಿದ ಚೆಂಡನ್ನು ಹಿಡಿದು ಎಸೆಯುವ ಕೆಲಸ ನಾಗೇಶ್ವರನದು. ಕಾಲಲ್ಲಿ ಒದೆಯಲು ಅವನಿಗೆ ಮನಸ್ಸು ಬಾರದು, ಕೈಯಲ್ಲಿ ಮಾತ್ರ ಪ್ರಸಾದ ಹಿಡಿದ ಹಾಗೆ ಹಿಡಿಯುತ್ತಿದ್ದ. ಮನೆಗೆ ಹೋದರೆ ತಾಯಿ ವಿಶಾಲಾಕ್ಷಮ್ಮ ಬಾಗಿಲಲ್ಲೇ ತಡೆಯುತ್ತಿದ್ದರು. "ಚರ್ಮ ಮುಟ್ಟಿದ ಕೈ. ಒಳಗೆ ಬರಬೇಡ, ಹಿಂದೆ ಹೋಗಿ ತಲೆಗೆ ನೀರು ಹಾಕ್ಕೋ." ಹೀಗೆ ದಿನಕ್ಕೆ ಎರಡು ಸ್ನಾನ. ಮೂರು ತಿಂಗಳಲ್ಲಿ ಅವನು ತೊಳೆದಿಟ್ಟ ತಾಮ್ರದ ಚೊಂಬಿನಂತಾಗಿದ್ದ.

ಹಾರ್ಪರ್ ತೋಟದ ಹನ್ನೊಂದು ಮಂದಿಯ ತಂಡ ಕಟ್ಟಿದ. ಕಾಲಲ್ಲಿ ಒದೆಯದ ರೈಟರನ್ನು ಗೋಲಿನಲ್ಲಿ ನಿಲ್ಲಿಸಿದ. ಉಳಿದವರೆಲ್ಲ ಲೈನಿನ ಆಳುಗಳು; ಕ್ಯಾಪ್ಟನ್ ದೇರಪ್ಪ ಮೇಸ್ತ್ರಿ. ಇವರಿಗೆ ಒದೆಯುವುದು ಬಂತು, ಓಡುವುದು ಬಂತು, ಚೆಂಡನ್ನು ಇನ್ನೊಬ್ಬನಿಗೆ ಕೊಡುವುದು ಮಾತ್ರ ಬರಲಿಲ್ಲ. ಹಣ್ಣು ಕೊಯ್ಯುವಾಗ ತನ್ನ ಸಾಲು ತನಗೆ, ತನ್ನ ಚೀಲ ತನಗೆ. ಸಿಕ್ಕಿದ ಚೆಂಡನ್ನು ನಿಂಗ ಎಂಬವನು ಕಾಲ ಸಂದಿಯಲ್ಲಿಟ್ಟುಕೊಂಡು ಮೈದಾನದಿಂದ ಹೊರಗೇ ಓಡುತ್ತಿದ್ದ.

"ತೊಂಬತ್ತು ನಿಮಿಷದ ಆಟ. ಚೆಂಡು ನನ್ನ ಕಾಲಲ್ಲಿ ಇರೋದು ಎರಡು ನಿಮಿಷ" ಎಂದು ಹಾರ್ಪರ್ ಎಲ್ಲರನ್ನೂ ಕೂರಿಸಿ ಹೇಳಿದ. "ಎಂಬತ್ತೆಂಟು ನಿಮಿಷ ಚೆಂಡಿಲ್ಲದೆ ಆಡಬೇಕು. ಆಟ ಅಂದ್ರೆ ಅದು. ಬದುಕೂ ಅದೇ."

ನಾಗೇಶ್ವರ ಅದನ್ನು ಶ್ಲೋಕದ ಅರ್ಥ ಹೇಳುವ ಹಾಗೆ ಕನ್ನಡಕ್ಕೆ ತಿರುಗಿಸಿದ. ನಿಂಗ ಮಾತ್ರ, "ಹಾಗಾದ್ರೆ ನನ್ನ ಎರಡು ನಿಮಿಷ ನಾನು ಯಾಕೆ ಬಿಡ್ಬೇಕು?" ಎಂದ.

ಆ ಆಯುಧಪೂಜೆಯ ಮಧ್ಯಾಹ್ನ ಹುದಿಕೇರಿ ಕಡೆಯ ಎಸ್ಟೇಟಿನ ತಂಡದೊಂದಿಗೆ ಪಂದ್ಯ. ನಾಗೇಶ್ವರನ ಗಮನವೆಲ್ಲ ಅಂಗಿಯ ಜೇಬಿನಲ್ಲಿತ್ತು. ಅಲ್ಲಿ ದೊಡ್ಡ ದೊರೆ ಸಹಿ ಹಾಕಿದ ರಜೆ ಚೀಟಿ. ಇನ್ನು ಮೂರು ದಿನಕ್ಕೆ ತುಲಾ ಸಂಕ್ರಮಣ. ತಾಯಿಯನ್ನು ಕರೆದುಕೊಂಡು ತಲಕಾವೇರಿಗೆ ಹೋಗಬೇಕು. ಆ ಗಳಿಗೆಯಲ್ಲಿ ಅಲ್ಲಿನ ಕೊಳದಲ್ಲಿ ತೀರ್ಥ ಉಕ್ಕುವ ಕತೆಯನ್ನು ತಂದೆಯ ಬಾಯಲ್ಲಿ ವರ್ಷ ವರ್ಷ ಕೇಳಿದ್ದ. ಮೂವತ್ತೆರಡು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಒಂದು ಸಲ ಕಣ್ಣಲ್ಲಿ ಕಾಣಬೇಕು, ಆ ಕೊಳದಲ್ಲಿ ಮುಳುಗಿ ಏಳಬೇಕು. ಅಷ್ಟೇ ಅವನ ಆಸೆ.

ಚೆಂಡನ್ನು ಮೈದಾನದ ನಡುವೆ ತಂದಿಟ್ಟರು. ಸೇವಂತಿಗೆ ಇನ್ನೂ ಅಂಟಿಕೊಂಡಿತ್ತು. ದೇರಪ್ಪ ಹತ್ತಿರ ಬಂದವನು ಹಾವು ಕಂಡವನಂತೆ ಹಿಂದೆ ಸರಿದ.

"ಪೂಜೆ ಮಾಡಿದ್ದನ್ನ ಕಾಲಲ್ಲಿ ಮುಟ್ಟೋದಾ? ನಾಳೆ ತನಕ ಕತ್ತೀನೇ ನಾವು ಎತ್ತೋದಿಲ್ಲ! ಯಾರು ರೈಟ್ರೇ ಇದಕ್ಕೆ ಕುಂಕುಮ ಇಟ್ಟಿದ್ದು?"

"ನಾನೇ" ಎಂದ ನಾಗೇಶ್ವರ. ದನಿ ಜೇಬಿನೊಳಗಿಂದ ಬಂದಂತಿತ್ತು.

ಬೇರೆ ಚೆಂಡಿಲ್ಲ. ಇಪ್ಪತ್ತೊಂದು ಆಳು, ಇಬ್ಬರು ದೊರೆ, ಲೈನಿನ ಹೆಂಗಸರು ಮಕ್ಕಳು ಎಲ್ಲರೂ ಅವನನ್ನೇ ನೋಡಿದರು. ಕುರ್ಚಿಯಲ್ಲಿದ್ದ ದೊಡ್ಡ ದೊರೆ ಎದ್ದು ಕೆಂಪಾಗಿ ಇಂಗ್ಲಿಷಿನಲ್ಲಿ ಗದರಿದ. "ಪಂದ್ಯ ಇಲ್ಲದಿದ್ರೆ ಯಾರಿಗೂ ರಜೆ ಇಲ್ಲ. ನಿನ್ನ ಚೀಟಿಯೂ ವಾಪಸು ಕೊಡು."

ನಾಗೇಶ್ವರನಿಗೆ ತಲಕಾವೇರಿಯೇ ಕಣ್ಣ ಮುಂದೆ ಬತ್ತಿದ ಹಾಗಾಯಿತು. "ವಿಸರ್ಜನೆ ಮಾಡ್ತೇನೆ" ಎಂದು ಕೂಗಿದ. ಬಾವಿ ನೀರು ತರಿಸಿ, ಹೂ ತೆಗೆದು, ಕುಂಕುಮ ಒರೆಸಿ, ಮಂತ್ರ ಹೇಳಿ, ಚೆಂಡನ್ನು ಬಡಗು ದಿಕ್ಕಿಗೆ ಒಂದು ಬೆರಳಷ್ಟು ಕದಲಿಸಿದ. "ಆಯ್ತು. ಇನ್ನು ಇದು ಬರೀ ಚೆಂಡು."

ಹಣ್ಣು ಕೊಯ್ಯುವ ಚಿಕ್ಕಿಯ ನಾಲಗೆಗೆ ಮೇಸ್ತ್ರಿಗಳೂ ಹೆದರುತ್ತಿದ್ದರು. ಅವಳು ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ದೇವ್ರು ಹೋಯ್ತು ಅಂತ ನಮ್ಗೆ ಹೆಂಗೆ ಗೊತ್ತಾಗ್ಬೇಕು ಅಯ್ನೋರೆ?"

"ಮಂತ್ರ ಹೇಳಿದೆನಲ್ಲ."

"ಹೋಗದೆ ಇಲ್ಲೇ ಕೂತಿದ್ರೆ? ನೀವೇ ಮೊದ್ಲು ಒದ್ದು ತೋರ್ಸಿ. ನಿಮ್ ಕಾಲು ನೆಟ್ಟಗಿದ್ರೆ ಇವ್ರೂ ಒದೀತಾರೆ."

"ಹೌದೌದು!" ಎಂದರು ಹತ್ತು ಮಂದಿ ಧೀರರು.

ಹುಟ್ಟಿದಾರಭ್ಯ ಕಲ್ಲನ್ನೂ ಒದೆಯದ ನಾಗೇಶ್ವರ ಕಚ್ಚೆ ಬಿಗಿದ. ಕಣ್ಣು ಮುಚ್ಚಿದ. "ಅಪರಾಧ ಕ್ಷಮಿಸು" ಎಂದು ಕಾಲು ಬೀಸಿದ. ಮೊದಲನೆಯದು ಗಾಳಿಗೆ ಹೋಯಿತು. ಎರಡನೆಯದರಲ್ಲಿ ಹೆಬ್ಬೆರಳು ತಾಗಿ ಚೆಂಡು ಒಂದು ಮೊಳ ಉರುಳಿ ನಿಂತಿತು. ಅವನು ಒಂಟಿ ಕಾಲಲ್ಲಿ ಕೊಕ್ಕರೆಯಂತೆ ಕುಣಿದ.

"ಇದು ಒದ್ದಿದ್ದಲ್ಲ ಅಯ್ನೋರೆ, ನಮಸ್ಕಾರ ಮಾಡಿದ್ದು" ಎಂದಳು ಚಿಕ್ಕಿ.

ಆಗ ಹಾರ್ಪರ್ ಮುಂದೆ ಬಂದ. ಇಷ್ಟು ಹೊತ್ತೂ ಟೋಪಿ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದವನು ಮುರಿದ ಮಂಡಿಯನ್ನು ಕಷ್ಟಪಟ್ಟು ಮಡಚಿ ನೆಲಕ್ಕೆ ಬಗ್ಗಿದ. ಚೆಂಡನ್ನು ಬಲಗೈಯಲ್ಲಿ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಯಾರಿಗಾದರೂ ಕಾಲು ತಾಗಿದರೆ ಇವರು ಮಾಡುವುದನ್ನು ಮೂರು ತಿಂಗಳು ನೋಡಿದ್ದನಲ್ಲ. "ಎಂಟು ವರ್ಷ ಅನ್ನ ಕೊಟ್ಟಿತು. ಒಂದು ದಿನವೂ ನಾನು ಇದರ ಕ್ಷಮೆ ಕೇಳಲಿಲ್ಲ" ಎಂದ.

ದೇರಪ್ಪ ಕೆಮ್ಮಿ ತೀರ್ಪು ಹೇಳಿದ: "ಹಂಗಾದ್ರೆ ಸರಿ. ಒದ್ದವನು ಒದ್ದ ಕೂಡ್ಲೇ ಕಣ್ಣಿಗೊತ್ಕೋಬೇಕು. ಯಾರೂ ಜಾಸ್ತಿ ಹೊತ್ತು ಕಾಲಲ್ಲಿ ಇಟ್ಕೋಬಾರ್ದು. ಪಾಪ ಬರೋದು ಇಟ್ಕೊಂಡವನಿಗೆ."

ಆಟ ಶುರುವಾಯಿತು. ಮೂರು ತಿಂಗಳು ಮಳೆಯಲ್ಲಿ ಗಂಟಲು ಹರಿದುಕೊಂಡು ಹಾರ್ಪರ್ ಕಲಿಸಲಾಗದ್ದು ಆ ಒಂದು ಮಾತಿನಿಂದ ಬಂದುಬಿಟ್ಟಿತು. ಚೆಂಡು ಕಾಲಿಗೆ ಬಂತೋ, ಕೆಂಡ ತುಳಿದವನಂತೆ ನಿಂಗ ಪಕ್ಕದವನಿಗೆ ದಾಟಿಸಿ ಕಣ್ಣಿಗೊತ್ತಿಕೊಂಡ. ಪಕ್ಕದವನು ದೇರಪ್ಪನಿಗೆ. ದೇರಪ್ಪ ಮತ್ತೆ ನಿಂಗನಿಗೆ. ಯಾರಿಗೂ ಪಾಪ ಬೇಡ! ಚೆಂಡು ಹತ್ತು ಕಾಲುಗಳ ನಡುವೆ ಮಗ್ಗದ ಲಾಳಿಯ ಹಾಗೆ ಓಡಾಡಿತು. ಪೂಜೆಯ ಗೊಡವೆ ಇಲ್ಲದ ಹುದಿಕೇರಿಯವರು ತಮ್ಮ ತಮ್ಮ ಎರಡು ನಿಮಿಷಕ್ಕೆ ಅಂಟಿಕೊಂಡು ಆಡುತ್ತಿದ್ದರು. ಚೆಂಡು ಈಗ ಎಲ್ಲಿ, ಇವರೆಲ್ಲ ಯಾಕೆ ಕಣ್ಣು ಮುಟ್ಟಿಕೊಳ್ಳುತ್ತಾರೆ, ಒಂದೂ ತಿಳಿಯದೆ ತಿರುತಿರುಗಿ ನೋಡಿದರು. ಎರಡು ಗೋಲು ಬಿದ್ದಾಗ ಹಾರ್ಪರ್ ಕೂಗಲಿಲ್ಲ, ಕುಣಿಯಲಿಲ್ಲ. ಬಾಯಿ ತೆರೆದು ನಿಂತಿದ್ದ. "ಸಂಬಳ ತಗೊಂಡವರೂ ಹೀಗೆ ಆಡಿದ್ದು ನಾನು ನೋಡಿಲ್ಲ" ಎಂದು ತನಗೇ ಹೇಳಿಕೊಂಡ.

ಇತ್ತ ಗೋಲಿನ ಸಿಲ್ವರ್ ಓಕ್ ಕಂಬಗಳ ನಡುವೆ ನಾಗೇಶ್ವರ. ಹೆಬ್ಬೆರಳು ಬದನೆಕಾಯಿಯಷ್ಟು ಊದಿತ್ತು. ಆದರೂ ಬಂದ ಚೆಂಡನ್ನೆಲ್ಲ ಎರಡು ಕೈ ಚಾಚಿ, ಮೈ ಬಗ್ಗಿಸಿ, ನೆಲಕ್ಕೆ ಬೀಳಬಾರದ ಪ್ರಸಾದವೆಂಬಂತೆ ಎದೆಗವಚಿಕೊಂಡ. ಮೂರು ತಿಂಗಳ ಬೆಳಗುಗಳು ಕೈಯಲ್ಲಿ ಕೂತಿದ್ದವು. ಒಂದನ್ನೂ ಒಳಗೆ ಬಿಡಲಿಲ್ಲ.

ಪಂದ್ಯ ಮುಗಿದಾಗ ದೊಡ್ಡ ದೊರೆ ಕುರ್ಚಿಯ ಮೇಲೆ ಹತ್ತಿ ನಿಂತು ಭಾಷಣ ಶುರುಮಾಡಿದ. ಕನ್ನಡದಲ್ಲಿ ಹೇಳಲು ರೈಟರೇ ಬೇಕು. ನಾಗೇಶ್ವರ ಕುಂಟುತ್ತ ಪಕ್ಕದಲ್ಲಿ ಬಂದು ನಿಂತ.

"ದೊರೆಗೆ ಬಹಳ ಸಂತೋಷ ಆಗಿದೆ. ಸಂಕ್ರಮಣಕ್ಕೆ ತೋಟದವರಿಗೆಲ್ಲ ಎರಡು ದಿನ ರಜೆ!"

ಕೇಕೆ ಎದ್ದಿತು.

"ತಲಕಾವೇರಿಗೆ ಹೋಗೋರಿಗೆ ಲಾರಿ ಕೊಡ್ತಾರೆ!"

ಹೆಂಗಸರು ಹಾಡೇ ತೆಗೆದರು. ದೊರೆ ಇನ್ನೊಂದು ಮಾತು ಹೇಳಿದ. ನಾಗೇಶ್ವರ ಬಾಯಿ ತೆರೆದ, ಮುಚ್ಚಿದ.

"ಮುಂದೆ ಏನಂದ್ರು, ಹೇಳಿ ಅಯ್ನೋರೆ!" ಎಂದಳು ಚಿಕ್ಕಿ.

"ಎಲ್ಲರೂ ಹೋದ್ರೆ... ತೋಟಕ್ಕೆ, ಸ್ಟೋರಿಗೆ ಕಾವಲಿಗೆ ಒಬ್ಬ ಬೇಕು ಅಂದ್ರು."

"ಯಾರಂತೆ?"

ನಾಗೇಶ್ವರ ಜೇಬಿನಿಂದ ಚೀಟಿ ತೆಗೆದು ಕುರ್ಚಿಯ ಮೇಲಿಟ್ಟ. "ಇವತ್ತು ಒಂದನ್ನೂ ಒಳಗೆ ಬಿಡದೆ ಇದ್ದವನು ಯಾರೋ, ಅವನೇ ಅಂತೆ."

ಅವತ್ತಿನ ಅತಿ ದೊಡ್ಡ ಚಪ್ಪಾಳೆ ಆ ಮಾತಿಗೇ ಬಿತ್ತು.

ಹಾರ್ಪರ್ ಹೆಗಲ ಮೇಲೆ ಕೈ ಇಟ್ಟ. "ಬೇಸರ ಬೇಡ ರೈಟರ್. ಇದು ನಿಮ್ಮ ಎಂಬತ್ತೆಂಟು ನಿಮಿಷ. ಅಮ್ಮನನ್ನು ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೇನೆ. ಆ ನೀರು ಉಕ್ಕೋದನ್ನ ನಾನೂ ನೋಡಬೇಕು. ಬಂದು ಎಲ್ಲಾ ಹೇಳ್ತೇನೆ."

ನಾಗೇಶ್ವರ ಸಂಜೆ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ವಿಶಾಲಾಕ್ಷಮ್ಮ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಕೊಡವುತ್ತಿದ್ದರು. "ಪುಣ್ಯವಂತ ಕಣೋ ನಿನ್ನ ದೊರೆ. ಚೊಂಬು ತುಂಬ ತೀರ್ಥ ತರ್ತೇನೆ. ನೋಡಿದ್ದೆಲ್ಲ ಒಂದೂ ಬಿಡದೆ ಹೇಳ್ತೇನೆ. ನೀನು ಅಪ್ಪನ ಹತ್ತಿರ ಕೂರ್ತಿದ್ದೆಯಲ್ಲ, ಹಾಗೆ ಕೂತು ಕೇಳಿದ್ರೆ ಸಾಕು."

ಅವನು ಹೊಸಿಲ ಮೇಲೆ ಊದಿದ ಕಾಲಿಟ್ಟ.

"ಅಯ್ಯೋ, ಅಲ್ಲೇ ನಿಲ್ಲು! ದಿನವಿಡೀ ಚರ್ಮ ಅಪ್ಪಿಕೊಂಡು ಬಂದಿದೀಯ. ಹಿಂದೆ ಹೋಗಿ ಮೂರು ಮುಳುಗಿನಷ್ಟು ನೀರು ಹಾಕ್ಕೊಂಡು ಬಾ. ಕೇಳಿಸ್ತಾ?"

"ಹೂಂ" ಎಂದ ನಾಗೇಶ್ವರ.