ಗೇಟಿನ ಬಣ್ಣ

ಒಂದು ಮನೆಯ ಮಾನ ನಿಂತಿರುವುದು ಯಾವ ಮೈಗೆ ಯಾವ ಬಣ್ಣ ಬಳಿದರು ಎಂಬುದರ ಮೇಲೆ. ಈ ಮಹಾಸತ್ಯವನ್ನು ಬಳ್ಳಾರಿಯ ಬ್ರೂಸ್‌ಪೇಟೆಯ ಬಣ್ಣದಂಗಡಿಯವನು ಕೊಟ್ರಬಸಪ್ಪನಿಗೆ ಮಗ್ಗಿಯಂತೆ ಹೇಳಿಕೊಟ್ಟಿದ್ದ: ಹೊರಗೋಡೆಗೆ ಎಮಲ್ಷನ್, ಕಬ್ಬಿಣಕ್ಕೆ ಆಯಿಲ್ ಪೇಂಟು, ಸಿಮೆಂಟು ಮೆಟ್ಟಿಲಿಗೆ ನೆಲದ ಬಣ್ಣವೇ ಬೇರೆ. ಕುರುಗೋಡಿನ ಕಚೇರಿಯೊಂದರಲ್ಲಿ ಗುಮಾಸ್ತನಾದ ಕೊಟ್ರಬಸಪ್ಪ ಅದನ್ನು ಚೀಟಿಯಲ್ಲಿ ಬರೆದುಕೊಂಡಿದ್ದ. ಗೋಡೆ, ಗೇಟು ಎರಡೂ ಚೀಟಿಯ ಪ್ರಕಾರವೇ ಆದವು.

ಉಳಿದದ್ದು ಮುಂಬಾಗಿಲಿನ ಎರಡು ಮೆಟ್ಟಿಲು, ಮತ್ತು ಗೇಟಿಗೆ ಬಳಿದು ಮಿಕ್ಕ ಅರ್ಧ ಡಬ್ಬಿ ಹಸಿರು ಬಣ್ಣ. ಅವತ್ತು ಸಂಜೆ ಸಿರುಗುಪ್ಪದ ಮಠದ ಸ್ವಾಮಿಗಳಾದ ತಾತನವರು ಪಾದಪೂಜೆಗೆ ಬರುವವರಿದ್ದರು. ಕಂಟೋನ್ಮೆಂಟಿನ ಆ ಬೀದಿಗೆ ಅವರು ಬರುತ್ತಿದ್ದದ್ದೇ ಮೊದಲು. ಎಲ್ಲರನ್ನೂ ಬಿಟ್ಟು ತನ್ನ ಮನೆಗೇ ಬರುತ್ತಾರೆಂದು ಕೊಟ್ರಬಸಪ್ಪ ಒಂದು ವಾರದಿಂದ ಎದೆ ಸೆಟೆಸಿ ನಡೆಯುತ್ತಿದ್ದ.

ಎದುರುಮನೆಯ ವೆಂಕಣ್ಣ ಡಬ್ಬಿಯೊಳಗೆ ಇಣುಕಿದ.

“ಬಸಪ್ಪಾರೆ, ಇದನ್ನಽ ಮೆಟ್ಲಿಗೆ ಬಳೀರಿ. ಗೇಟಿಗೆ ಜೋಡಿ ಆಗ್ತೈತಿ. ತಾನು ಎಲ್ಲಿ ಕುಂತೀನಿ ಅಂತ ಬಣ್ಣಕ್ಕೇನು ಗೊತ್ತಾಗ್ತೈತಿ?”

ಬಣ್ಣ ಗಟ್ಟಿಯಾಗಿದೆಯಲ್ಲ ಎಂದಾಗ ಸೀಮೆಎಣ್ಣೆ ಬೆರೆಸಲು ಹೇಳಿದವನೂ ಅವನೇ. ಈಗ ಎಲ್ಲೂ ಸಿಗದ ಸೀಮೆಎಣ್ಣೆಯನ್ನು ತನ್ನ ಅಟ್ಟದಿಂದ ಹುಡುಕಿ ತಂದುಕೊಟ್ಟವನೂ ಅವನೇ.

ಬೆಳಗ್ಗೆ ಬಳಿದ ಬಣ್ಣ ಸಂಜೆ ನಾಲ್ಕಾದರೂ ಒಣಗಲಿಲ್ಲ. ಬಳ್ಳಾರಿಯ ಬಿಸಿಲಿಗೆ ಹಪ್ಪಳ, ಬಟ್ಟೆ, ಕೆರೆ ಎಲ್ಲವೂ ಒಣಗುತ್ತವೆ. ಈ ಎರಡು ಮೆಟ್ಟಿಲು ಮಾತ್ರ ಆಗತಾನೇ ಬಾಣಲೆಯಿಂದ ತೆಗೆದ ಮಿರ್ಚಿಯಂತೆ ಜಿಡ್ಡುಜಿಡ್ಡಾಗಿ ಹೊಳೆಯುತ್ತಿದ್ದವು. ಪಕ್ಕದ ಮನೆಯ ಸುಂಕಮ್ಮ ಟೇಬಲ್ ಫ್ಯಾನು ಇಡಿಸಿದಳು. ಫ್ಯಾನು ರಸ್ತೆಯ ಕೆಂಪು ಧೂಳನ್ನೆಲ್ಲ ಕರೆದು ತಂದಿತು. ಮೆಟ್ಟಿಲು ಅರ್ಧ ಮಾಗಿದ ಮಾವಿನ ಬಣ್ಣಕ್ಕೆ ತಿರುಗಿತು. ಇನ್ನು ತಮ್ಮಿಂದ ಆಗುವ ಸಹಾಯವೇನೂ ಇಲ್ಲವೆಂದು ಸಲಹೆಗಾರರಿಬ್ಬರೂ ಹಿತ್ತಲ ಬಾಗಿಲಿನಿಂದ ಒಳಹೋಗಿ ಪಡಸಾಲೆಯಲ್ಲಿ ಕೂತರು.

ಒಬ್ಬನೇ ಉಳಿದ ಕೊಟ್ರಬಸಪ್ಪ ಫ್ಯಾನು ಎತ್ತಲು ಬಗ್ಗಿ, ತೂಕ ತಪ್ಪಿ, ಮೇಲಿನ ಮೆಟ್ಟಿಲಿನ ನಟ್ಟನಡುವೆ ಬರಿಯ ಬಲಗಾಲು ಊರಿಬಿಟ್ಟ. ಐದು ಬೆರಳು, ಹಿಮ್ಮಡಿ ಎಲ್ಲ ಅಚ್ಚುಕಟ್ಟಾಗಿ ಮೂಡಿದವು. ಕಾಲು ಕಿತ್ತುಕೊಳ್ಳುವಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತಿತು.

ಪಡಸಾಲೆಯವರೆಲ್ಲ ಬಾಗಿಲಿಗೆ ಬಂದು ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದರು. ತಾತನವರು ಮೆಟ್ಟಿಲು ನೋಡಿದರು, ಕೊಟ್ರಬಸಪ್ಪನನ್ನು ನೋಡಿದರು.

“ಗೇಟಿಂದು ಮೆಟ್ಲಿಗೆ ಹಚ್ಚೀಯೇನಪಾ?” ಎಂದು ಮೆಲ್ಲಗೆ ಕೇಳಿದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಕೊಟ್ರಬಸಪ್ಪನಿಗೆ. ಬಿಟ್ಟರೂ ತಾನು ಮೆಟ್ಟಿಲಿಗೇ ಅಂಟಿಕೊಂಡು ಉಳಿಯುವೆನೆಂದೂ ಅನಿಸಿತು. ತಾತನವರು ಎಪ್ಪತ್ತರ ವಯಸ್ಸಿನಲ್ಲಿ ಕಾವಿ ಎತ್ತಿ ಹಿಡಿದು, ಎರಡೂ ಮೆಟ್ಟಿಲುಗಳನ್ನು ಒಂದೇ ದಾಪಿಗೆ ದಾಟಿ ಒಳಗೆ ಹೋದರು. ಹಣೆಗಳು ಆಗಿನ್ನೂ ನೆಲದ ಮೇಲಿದ್ದವು.

ಕೊಟ್ರಬಸಪ್ಪ ಹಿತ್ತಲಿನಿಂದ ಓಡಿ ಬಂದು, ಚಿಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಹಸಿರು ಅಂಗಾಲನ್ನು ಧೋತ್ರದೊಳಗೆ ಮುಚ್ಚಿ ಪೂಜೆಗೆ ಕೂತ. ಹೆಂಡತಿ ಶಿವಬಸಮ್ಮ ಪಾದ ತೊಳೆಯತೊಡಗಿದಾಗ ಸುಂಕಮ್ಮ ಅವಳ ಕಿವಿಯಲ್ಲಿ ಉಸುರಿದಳು.

“ಯವ್ವಾ, ಮೆಟ್ಲಿನ ಹಸಿ ಬಣ್ಣದಾಗ ಹೆಜ್ಜಿ ಮೂಡೈತಿ. ತಾತಾರ ಪಾದಕ್ಕ ನೋಡು, ಒಂದು ಚುಕ್ಕಿ ಹತ್ತಿಲ್ಲ.”

ಮಾತು ಪಡಸಾಲೆ ದಾಟಿ ಬೀದಿಗೆ ಹೋಯಿತು. ಕಣ್ಣು ಮುಚ್ಚಿ ಕೂತಿದ್ದ ತಾತನವರಿಗೆ ಮಾತ್ರ ಕೇಳಲಿಲ್ಲ. ಪ್ರಸಾದ ಮುಗಿಸಿ ಅವರು, ಕೊಟ್ರಬಸಪ್ಪನ ಮರ್ಯಾದೆ ಉಳಿಸಲೆಂದೋ ತಮ್ಮ ಕಾವಿ ಉಳಿಸಲೆಂದೋ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಕಾರು ಹತ್ತಿ ಸಿರುಗುಪ್ಪಕ್ಕೆ ಹೊರಟರು.

ಕಾರು ತಿರುವು ದಾಟುವಷ್ಟರಲ್ಲಿ ಹೆಜ್ಜೆಗೆ ವಿಭೂತಿ, ಹೂವು, ಊದಿನಕಡ್ಡಿ ಬಂದಿದ್ದವು. ಬೀದಿಯವರು ಸಾಲು ನಿಂತಿದ್ದರು. ಕೊಟ್ರಬಸಪ್ಪನಿಗೆ ತಡೆಯಲಾಗಲಿಲ್ಲ. ಹೆಂಡತಿಯನ್ನು ಅಡುಗೆಮನೆಗೆ ಕರೆದು, ಧೋತ್ರ ಸರಿಸಿ, ಸಾಕ್ಷಿಸಮೇತ ಅಂಗಾಲು ತೋರಿಸಿದ.

“ಅದು ನನ್ನ ಕಾಲು, ಶಿವಬಸೂ.”

ಶಿವಬಸಮ್ಮ ಹಸಿರು ಅಂಗಾಲನ್ನೇ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

“ತಾತಾರ ಪಾದದ ಮ್ಯಾಲೆ ಕಾಲಿಟ್ಟು ಬಂದೀರಲ್ರೀ. ನಾಚಿಕಿ ಆಗಲಿಲ್ಲ ನಿಮಗ? ನಡೀರಿ, ತಪ್ಪಾತು ಅನ್ರಿ ನಡೀರಿ.”

ಕೊಟ್ರಬಸಪ್ಪ ಬೀದಿಯವರೆಲ್ಲರ ಎದುರಿಗೆ ತನ್ನ ಬಲಗಾಲಿನ ಹೆಜ್ಜೆಗೆ ತಾನೇ ಅಡ್ಡಬಿದ್ದು ತಪ್ಪಾಯಿತೆಂದ.

ಬಣ್ಣ ಮೂರನೆಯ ದಿನಕ್ಕೆ ಒಣಗಿತು. ಆ ಮನೆಯವರು ಈಗ ಹಿತ್ತಲ ಬಾಗಿಲಿನಿಂದ ಓಡಾಡುತ್ತಾರೆ.